ಬರ್ಥಡ್ ಘಟ್ಟದಲ್ಲಿ ಹಿಮದ ಪದರಗಳನ್ನು ಓದಲು ಕಲಿತ ಮೂರು ದಿನಗಳು

ಹೊರಡುವ ಹಿಂದಿನ ಸಂಜೆ

ಚಳಿಗಾಲದಲ್ಲಿ ಕೊಲರಾಡೊದ ಬೆಟ್ಟಗಳನ್ನು ಹತ್ತುವವರಿಗೆ ನಾಳೆಯೆಂಬುದು ಹಿಂದಿನ ಸಂಜೆ ನಾಲ್ಕೂವರೆಗೇ ಆರಂಭವಾಗುತ್ತದೆ. ರಾಜ್ಯದ ಹಿಮಕುಸಿತ ಮಾಹಿತಿ ಕೇಂದ್ರವು ಮರುದಿನದ ಮುನ್ಸೂಚನೆಯನ್ನು ಪ್ರಕಟಿಸುವುದು ಆ ಹೊತ್ತಿಗೆ. ಜನವರಿಯ ಆ ಗುರುವಾರ ಡೆನ್ವರ್‌ನ ನಮ್ಮ ಮನೆಯಲ್ಲಿ, ಊಟದ ಮೇಜಿನ ಮೇಲೆ ಸ್ಕೀ ಸಾಮಾನುಗಳನ್ನು ಹರವಿಕೊಂಡು ಕುಳಿತು, ನಾನು ಅದನ್ನು ಎರಡು ಸಲ ಓದಿದೆ. ಐದು ಹಂತಗಳ ಅಳತೆಯಲ್ಲಿ ಅಪಾಯ ಮೂರನೆಯ ಹಂತದಲ್ಲಿತ್ತು. ಹಿಮ ತಾನಾಗಿಯೇ ಕುಸಿಯಬಹುದು, ಮನುಷ್ಯನ ಭಾರ ಬಿದ್ದರೆ ಕುಸಿಯುವ ಸಂಭವವೇ ಹೆಚ್ಚು ಎಂಬುದು ಆ ಹಂತದ ಅರ್ಥ. ಐದರಲ್ಲಿ ಮೂರು ಎಂದಾಗ ನಡುವಿನದು, ಪರವಾಗಿಲ್ಲ ಎಂದು ಮನಸ್ಸು ಸಮಾಧಾನ ಹೇಳಿಕೊಳ್ಳುತ್ತದೆ. ಆದರೆ ಹಿಮಕುಸಿತದ ಸಾವುಗಳು ಹೆಚ್ಚಾಗಿ ಸಂಭವಿಸುವುದು ಈ ಮೂರನೆಯ ಹಂತದ ದಿನಗಳಲ್ಲಿ. ನಾಲ್ಕು, ಐದು ಎಂದರೆ ಜನ ಹೆದರಿ ಮನೆಯಲ್ಲಿ ಉಳಿಯುತ್ತಾರೆ, ಮೂರು ಎಂದರೆ ಹೊರಡುತ್ತಾರೆ.

ಇಲ್ಲಿ ಒಂದು ಮಾತು ಸ್ಪಷ್ಟಪಡಿಸಬೇಕು. ಆಕಾಶದಿಂದ ಹಿಮ ಬೀಳುವುದನ್ನೂ ಬೆಟ್ಟದ ಮೈಯಿಂದ ಹಿಮದ ರಾಶಿ ಜಾರಿ ಬರುವುದನ್ನೂ ನಮ್ಮ ಪತ್ರಿಕೆಗಳು ಹಿಮಪಾತ ಎಂಬ ಒಂದೇ ಹೆಸರಿನಿಂದ ಕರೆಯುವುದುಂಟು. ಒಂದು ಕಾರಣ, ಇನ್ನೊಂದು ಪರಿಣಾಮ. ಎರಡರ ನಡುವೆ ಕೆಲವೊಮ್ಮೆ ವಾರಗಳ ಅಂತರವಿರುತ್ತದೆ. ಆದ್ದರಿಂದ ಎರಡನೆಯದನ್ನು ಈ ಬರಹದಲ್ಲಿ ಹಿಮಕುಸಿತ ಎಂದೇ ಕರೆಯುತ್ತೇನೆ.

ಹಿಮಕುಸಿತದ ಬಗೆಗಿನ ಮೂರು ದಿನಗಳ ತರಬೇತಿಗೆ ನನ್ನ ಜೊತೆ ಹೊರಟಿದ್ದವನು ನಮ್ಮದೇ ಕಟ್ಟಡದಲ್ಲಿ ವಾಸವಿರುವ ಶಿವಮೊಗ್ಗದ ಹುಡುಗ. ಸ್ಕೀ ಮಾಡುವುದರಲ್ಲಿ ಅವನು ನನಗಿಂತ ಬಹಳ ಮುಂದಿದ್ದಾನೆ. ಬರ್ಥಡ್ ಘಟ್ಟದ ಆಚೆ ಬದಿಯ ಸೆಕೆಂಡ್ ಕ್ರೀಕ್ ಎಂಬ ತೊರೆಯ ಕಣಿವೆಯ ತಲೆಯಲ್ಲಿ ಕಡಿದಾದ, ಮರಗಳಿಲ್ಲದ, ಅಗಲವಾದ ಗೋಡೆಯಂತಹ ಇಳಿಜಾರೊಂದಿದೆ. ಅದರ ಚಿತ್ರವನ್ನು ಅವನು ತಿಂಗಳಿನಿಂದ ಫೋನಿನಲ್ಲಿ ಇಟ್ಟುಕೊಂಡಿದ್ದ. "ಅಕ್ಕಾ, ಮೂರನೇ ದಿನ ಅಲ್ಲಿಗೇ ಕರ್ಕೊಂಡು ಹೋಗ್ತಾರಂತೆ, ಕೊನೆಗೂ ಇಳಿಯೋಣ" ಎಂದು ಅವನು ಅಂದು ಹೇಳಿದ. ತರಬೇತಿಯ ಮೂರು ದಿನಗಳೂ ಆ ಇಳಿಜಾರು ನಮ್ಮಿಬ್ಬರ ನಡುವಿನ ಮಾತಿನಲ್ಲಿ ಇದ್ದೇ ಇತ್ತು.

ಮೊದಲ ದಿನ, ಶುಕ್ರವಾರ

ಡೆನ್ವರ್‌ನಿಂದ ಬರ್ಥಡ್ ಘಟ್ಟದ ನೆತ್ತಿಗೆ ಕಾರಿನಲ್ಲಿ ಸುಮಾರು ಒಂದೂವರೆ ಗಂಟೆಯ ದಾರಿ. ಎಂಪೈರ್ ಎಂಬ ಪುಟ್ಟ ಊರನ್ನು ದಾಟಿದ ಮೇಲೆ 40ನೆಯ ಹೆದ್ದಾರಿ ತಿರುವು ತಿರುವಾಗಿ ಏರಿ 11,307 ಅಡಿ ಎತ್ತರವನ್ನು ಮುಟ್ಟುತ್ತದೆ. ಅಮೆರಿಕದ ನೀರನ್ನು ಪೂರ್ವಕ್ಕೂ ಪಶ್ಚಿಮಕ್ಕೂ ಹಂಚುವ ಮಹಾ ಜಲವಿಭಾಜಕ ರೇಖೆ ಇಲ್ಲಿಯೇ ಹಾದುಹೋಗುತ್ತದೆ. ಏರುವ ದಾರಿಯಲ್ಲಿ ಸ್ಪ್ರೂಸ್ ಕಾಡಿನ ನಡುವೆ ಮೇಲಿಂದ ಕೆಳಕ್ಕೆ ಬೋಳಿಸಿದಂತಹ ಉದ್ದನೆಯ ಪಟ್ಟೆಯೊಂದು ಕಾಣುತ್ತದೆ. ಅದು ಸ್ಟಾನ್ಲಿ ಎಂಬ ಹೆಸರಿನ ಹಿಮಕುಸಿತದ ಹಾದಿ. ಮರಗಳು ಅಲ್ಲಿ ಬೆಳೆಯದಿರುವುದಕ್ಕೆ ಮಣ್ಣಿನ ದೋಷ ಕಾರಣವಲ್ಲ; ಬೆಳೆದ ಮರಗಳನ್ನು ಹಿಮವು ಮತ್ತೆ ಮತ್ತೆ ಕಿತ್ತೊಯ್ದಿದೆ. ರಸ್ತೆಯ ಮೇಲೆ ಹೇಳದೆ ಕೇಳದೆ ಬಂದು ಬೀಳಬಾರದೆಂದು, ದೂರದಿಂದಲೇ ಅನಿಲವನ್ನು ಸ್ಫೋಟಿಸಿ ಹಿಮವನ್ನು ಬೇಕೆಂದೇ ಕೆಡವುವ ದಪ್ಪ ಕೊಳವೆಗಳನ್ನು ಹೆದ್ದಾರಿಯವರು ಮೇಲೆ ನೆಟ್ಟಿದ್ದಾರೆ.

ಘಟ್ಟದ ನೆತ್ತಿಯಲ್ಲಿ 1937ರಲ್ಲಿಯೇ ಸ್ಕೀ ತಾಣವೊಂದು ಆರಂಭವಾಗಿತ್ತು. ಈ ಶತಮಾನದ ಆರಂಭದ ವರ್ಷಗಳಲ್ಲಿ ಅದು ಮುಚ್ಚಿಹೋಗಿ ಲಿಫ್ಟ್‌ಗಳನ್ನು ಕಿತ್ತು ಹಾಕಿದರು. ಈಗ ಅಲ್ಲಿ ಮೈ ಬೆಚ್ಚಗೆ ಮಾಡಿಕೊಳ್ಳುವ ಒಂದು ಸಣ್ಣ ಕಟ್ಟಡ ಮಾತ್ರ ಇದೆ. ಟಿಕೆಟ್ ಪಡೆದು ಏರುವ ಸ್ಕೀ ತಾಣಗಳಲ್ಲಿ ಬಾಗಿಲು ತೆರೆಯುವ ಮೊದಲೇ ಸಿಬ್ಬಂದಿ ಅಪಾಯದ ಇಳಿಜಾರುಗಳಿಗೆ ಸ್ಫೋಟಕ ಎಸೆದು ಹಿಮವನ್ನು ಕೆಡವಿ ಇಟ್ಟಿರುತ್ತಾರೆ. ಇಲ್ಲಿ ಹಾಗೆ ಮಾಡುವವರು ಯಾರೂ ಇಲ್ಲ. ಅದೇ ಬೆಟ್ಟ, ಅದೇ ಹಿಮ, ಆದರೆ ನೋಡಿಕೊಳ್ಳುವವರಿಲ್ಲದ ಬೆಟ್ಟ.

ಬೆಳಗಿನ ಪಾಠಗಳು ಘಟ್ಟದ ಆಚೆಯ ವಿಂಟರ್ ಪಾರ್ಕ್ ಎಂಬ ಊರಿನ ಕೋಣೆಯೊಂದರಲ್ಲಿ ನಡೆದವು. ಆರು ಜನ ಕಲಿಯುವವರಿಗೆ ಒಬ್ಬ ತರಬೇತುದಾರರು. ಹಿಮಕುಸಿತಕ್ಕೆ ಸಿಕ್ಕವರಲ್ಲಿ ಹತ್ತರಲ್ಲಿ ಒಂಬತ್ತು ಜನರ ಮೇಲೆ ಬಿದ್ದದ್ದು ಅವರೇ ಅಥವಾ ಅವರ ಜೊತೆಗಾರರೇ ಕದಲಿಸಿದ ಹಿಮ ಎಂಬುದು ಅವರು ಹೇಳಿದ ಮೊದಲ ಮಾತು. ಅದುವರೆಗೆ ಹಿಮಕುಸಿತವೆಂದರೆ ಸಿಡಿಲಿನಂತೆ ಎಲ್ಲಿಂದಲೋ ಬಂದು ಎರಗುವ ವಿಪತ್ತು ಎಂದುಕೊಂಡಿದ್ದ ನನಗೆ ಆ ಲೆಕ್ಕ ಬಹಳ ಹೊತ್ತು ಮನಸ್ಸಿನಲ್ಲಿ ಉಳಿಯಿತು. 2020-21ರ ಚಳಿಗಾಲದಲ್ಲಿ ಅಮೆರಿಕದಲ್ಲಿ 37 ಜನ ಹಿಮಕುಸಿತಕ್ಕೆ ಸಿಕ್ಕಿ ಸತ್ತರು, ಅವರಲ್ಲಿ 12 ಜನ ಕೊಲರಾಡೊದಲ್ಲಿ.

ಆಮೇಲೆ ಅವರು 2013ರ ಏಪ್ರಿಲ್ 20ರಂದು ಲವ್‌ಲ್ಯಾಂಡ್ ಘಟ್ಟದ ಬಳಿಯ ಶೀಪ್ ಕ್ರೀಕ್‌ನಲ್ಲಿ ನಡೆದ ಘಟನೆಯನ್ನು ವಿವರಿಸಿದರು. ಆರು ಜನ ಅನುಭವಿಗಳು ಬೆಳಗಿನ ಮುನ್ಸೂಚನೆಯನ್ನು ಓದಿಯೇ ಹೊರಟಿದ್ದರು. ಅಪಾಯದ ಇಳಿಜಾರು ಯಾವುದೆಂದು ಅವರಿಗೆ ಗೊತ್ತಿತ್ತು. ಅದರ ಮೇಲೆ ಇಳಿಯುವ ಯೋಚನೆ ಅವರಿಗೆ ಇರಲೇ ಇಲ್ಲ. ಅದರ ಬುಡದಲ್ಲಿ, ಒಬ್ಬರಿಗೊಬ್ಬರು ಅಂತರ ಬಿಟ್ಟು, ಬೇಗ ದಾಟಿ ಸುರಕ್ಷಿತವಾದ ಕಡೆಗೆ ಹೋಗಿಬಿಡುವುದೆಂದು ನಿಶ್ಚಯಿಸಿದ್ದರು. ಮೇಲಿನ ಇಳಿಜಾರು ನೆಲಕ್ಕೆ ಹತ್ತಿರದ ದುರ್ಬಲ ಪದರದಿಂದಲೇ ಕಳಚಿಕೊಂಡು ಆರೂ ಜನರ ಮೇಲೆ ಬಂದಿತು, ಐವರು ಸತ್ತರು. 1962ರಲ್ಲಿ ಟ್ವಿನ್ ಲೇಕ್ಸ್ ಊರಿನಲ್ಲಿ ಏಳು ಜನ ಸತ್ತ ನಂತರ ಈ ರಾಜ್ಯದಲ್ಲಿ ಒಂದೇ ಕುಸಿತಕ್ಕೆ ಇಷ್ಟು ಜನ ಬಲಿಯಾಗಿರಲಿಲ್ಲ. ಇಳಿಜಾರಿನ ಮೇಲೆ ಕಾಲಿಡದಿದ್ದರೆ ಸಾಕು ಎಂಬ ನಂಬಿಕೆ ಎಷ್ಟು ಅಪೂರ್ಣವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ನನಗೆ ಗೊತ್ತಿಲ್ಲ.

ಮಧ್ಯಾಹ್ನ ಬಯಲಿನಲ್ಲಿ ಹುಡುಕುವ ಅಭ್ಯಾಸ ನಡೆಯಿತು. ಪ್ರತಿಯೊಬ್ಬರೂ ಎದೆಗೆ ಕಟ್ಟಿಕೊಳ್ಳುವ ಬೀಕನ್ ಎಂಬ ಉಪಕರಣ 457 ಕಿಲೋಹರ್ಟ್ಸ್‌ನಲ್ಲಿ ಸದಾ ಸಂಕೇತ ಕಳುಹಿಸುತ್ತಿರುತ್ತದೆ. ಯಾರಾದರೂ ಹೂತುಹೋದರೆ ಉಳಿದವರು ತಮ್ಮ ಬೀಕನ್‌ಗಳನ್ನು ಹುಡುಕುವ ಸ್ಥಿತಿಗೆ ಬದಲಿಸಿ, ಬಾಣದ ಗುರುತು ಮತ್ತು ದೂರವನ್ನು ತೋರಿಸುತ್ತ ಇಳಿಯುವ ಅಂಕಿಗಳನ್ನು ಅನುಸರಿಸಿ, ಹತ್ತಿರ ಬಂದಾಗ ಹಿಮದ ಮೇಲೆ ಬಗ್ಗಿ ಹುಡುಕಬೇಕು. ಅನಂತರ ಮಡಿಚುವ ಉದ್ದ ಕೋಲನ್ನು ಜೋಡಿಸಿ ಚುಚ್ಚಿ ನೋಡಬೇಕು. ಕೋಲು ಮೆತ್ತಗೆ ತಡೆದು ನಿಂತರೆ ಅದನ್ನು ಅಲ್ಲಿಯೇ ಬಿಟ್ಟು, ಇಳಿಜಾರಿನ ಕೆಳಗಿನ ಬದಿಯಿಂದ ಸಲಿಕೆಯಲ್ಲಿ ಅಗೆಯಬೇಕು. ಹಿಮದೊಳಗೆ ಬಚ್ಚಿಟ್ಟಿದ್ದ ಚೀಲವನ್ನು ಹುಡುಕಿ ತೆಗೆಯಲು ಮೊದಲ ಸಲ ನನಗೆ ಹನ್ನೊಂದು ನಿಮಿಷ ಬೇಕಾಯಿತು. ಫೋನನ್ನು ಬೀಕನ್ ಹತ್ತಿರದ ಜೇಬಿನಲ್ಲಿಯೇ ಇಟ್ಟುಕೊಂಡಿದ್ದರಿಂದ ಅಂಕಿಗಳು ಹಿಂದೆ ಮುಂದೆ ಕುಣಿದಿದ್ದವು. ಎರಡನೆಯ ಸಲ ಆರು ನಿಮಿಷದಲ್ಲಿ ತೆಗೆದೆ. ಹತ್ತು ನಿಮಿಷದೊಳಗೆ ಹೊರತೆಗೆದರೆ ಹತ್ತರಲ್ಲಿ ಒಂಬತ್ತು ಜನ ಬದುಕುತ್ತಾರೆ, ಅರ್ಧ ಗಂಟೆ ಕಳೆದರೆ ಮೂವರಲ್ಲಿ ಒಬ್ಬರು ಉಳಿದರೆ ಹೆಚ್ಚು ಎಂದು ತರಬೇತುದಾರರು ಹೇಳಿದರು. ಮರಕ್ಕೋ ಬಂಡೆಗೋ ಬಡಿದವರಿಗೆ ಬೀಕನ್‌ನಿಂದ ಉಪಯೋಗವಿಲ್ಲ. ಜಾರಿ ಬಂದು ನಿಂತ ಹಿಮ ಹತ್ತಿಯಂತೆ ಇರುವುದಿಲ್ಲ, ಕಾಂಕ್ರೀಟಿನಂತೆ ಬಿಗಿದುಕೊಳ್ಳುತ್ತದೆ. ಒಂದು ಮೀಟರ್ ಆಳದಲ್ಲಿ ಹೂತ ಒಬ್ಬರನ್ನು ತೆಗೆಯಲು ಒಂದು ಟನ್ನಿಗೂ ಹೆಚ್ಚು ಹಿಮವನ್ನು ಎತ್ತಿ ಹಾಕಬೇಕಾಗುತ್ತದೆ.

ಆ ರಾತ್ರಿ ವಸತಿಯ ಕೋಣೆಯಲ್ಲಿ ನನಗೆ ನಿದ್ದೆ ಬರಲಿಲ್ಲ. ನಾನು ಕುಂದಗೋಳ ತಾಲ್ಲೂಕಿನವಳು. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನ ಸೋನಂ ಠಾಣೆಯ ಮೇಲೆ, 19,600 ಅಡಿ ಎತ್ತರದಲ್ಲಿ, ಮಂಜುಗಡ್ಡೆಯ ಗೋಡೆ ಕುಸಿದು ಮದ್ರಾಸ್ ರೆಜಿಮೆಂಟಿನ ಹತ್ತು ಯೋಧರು ಹೂತುಹೋದರು. ಅವರಲ್ಲಿ ಒಬ್ಬರು ನಮ್ಮ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. ಆರನೆಯ ದಿನ ಅವರು ಸುಮಾರು 25 ಅಡಿ ಆಳದಲ್ಲಿ ಜೀವಂತವಾಗಿ ಸಿಕ್ಕ ಸುದ್ದಿ ಬಂದಾಗ ನಮ್ಮ ಅವ್ವ ಟಿವಿಯ ಮುಂದಿನಿಂದ ಏಳಲಿಲ್ಲ. "ಅಷ್ಟು ಬರ್ಫದಾಗ ಉಸಿರು ಹೆಂಗ ಆಡಿದನವಾ?" ಎಂದು ಅವಳು ನನ್ನನ್ನು ಕೇಳಿದ್ದಳು. ನನಗೆ ಉತ್ತರ ಗೊತ್ತಿರಲಿಲ್ಲ. ಫೆಬ್ರುವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ಸಿಯಾಚಿನ್‌ನಲ್ಲಿ ನಡೆದದ್ದು ಗಡ್ಡೆಯ ಗೋಡೆಯ ಕುಸಿತ, ನಾವು ಇಲ್ಲಿ ಕಲಿಯುತ್ತಿದ್ದುದು ಪದರಗಳ ಜಾರುವಿಕೆ, ಎರಡೂ ಒಂದೇ ಅಲ್ಲ. ಆದರೆ ಉಸಿರಿನ ಕಥೆ ಎರಡಕ್ಕೂ ಒಂದೇ ಎಂದು ಅಂದಿನ ಪಾಠದಲ್ಲಿ ಗೊತ್ತಾಯಿತು. ಹಿಮದಲ್ಲಿ ಗಾಳಿ ಇರುತ್ತದೆ. ಹೂತವರ ಬಾಯಿಯ ಮುಂದೆ ಸ್ವಲ್ಪ ಟೊಳ್ಳು ಜಾಗ ಉಳಿದರೆ ಉಸಿರು ಕೆಲ ಕಾಲ ಆಡುತ್ತದೆ, ಆದರೆ ಬಿಟ್ಟ ಉಸಿರಿನ ತೇವ ಮುಖದ ಸುತ್ತ ಗಡ್ಡೆಯ ಪದರವಾಗಿ ಕಟ್ಟಿಕೊಂಡು ಹೊಸ ಗಾಳಿಯನ್ನು ತಡೆಯುತ್ತದೆ, ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳಬೇಕಾಗುತ್ತದೆ. ಟೊಳ್ಳು ದೊಡ್ಡದಿದ್ದಷ್ಟೂ ಕಾಲ ಹೆಚ್ಚು. ಹನುಮಂತಪ್ಪನವರ ಸುತ್ತ ಅಂತಹ ಟೊಳ್ಳು ಉಳಿದಿತ್ತು. ಅವ್ವನಿಗೆ ಇದನ್ನು ಹೇಳಬೇಕೆನ್ನಿಸಿತು.

ಎರಡನೆಯ ದಿನ, ಶನಿವಾರ

ಬೆಳಗ್ಗೆ ಏಳೂವರೆಗೆ ಘಟ್ಟದ ನೆತ್ತಿಯಲ್ಲಿ ಉಷ್ಣಾಂಶ ಮೈನಸ್ 18 ಡಿಗ್ರಿ ಇತ್ತು. ಸ್ಕೀಗಳ ತಳಕ್ಕೆ, ಮುಂದಕ್ಕೆ ಜಾರಿ ಹಿಂದಕ್ಕೆ ಜಾರದಂತೆ ಹಿಡಿಯುವ ಒರಟು ಪಟ್ಟಿಗಳನ್ನು ಅಂಟಿಸಿಕೊಂಡು, ಸ್ಪ್ರೂಸ್ ಮರಗಳ ನಡುವೆ ಉತ್ತರದ ಕಡೆಗೆ ಮುಖಮಾಡಿದ ನೆರಳಿನ ಇಳಿಜಾರಿನ ಅಂಚಿಗೆ ಹೋದೆವು. ಅಲ್ಲಿ ಕೋನ 26 ಡಿಗ್ರಿ, ಮೇಲೆ ಕಡಿದಾದ ಭಾಗವಿಲ್ಲ. ಗುಂಡಿ ತೋಡುವುದಕ್ಕೆ ಆ ಜಾಗವನ್ನು ಆರಿಸಿದ್ದು ಆ ಕಾರಣಕ್ಕೇ. ಪಕ್ಕದ ಕಡಿದಾದ ಇಳಿಜಾರಿನಲ್ಲಿ ಇರುವ ಪದರಗಳೇ ಇಲ್ಲಿಯೂ ಇರುತ್ತವೆ, ಕುಸಿಯುವ ಭಯವಿಲ್ಲದೆ ಅವನ್ನು ನೋಡಬಹುದು.

ನೆಲ ಮುಟ್ಟುವವರೆಗೆ ತೋಡಿ, ಗುಂಡಿಯ ಮೇಲಿನ ಗೋಡೆಯನ್ನು ಸಲಿಕೆಯ ಅಂಚಿನಿಂದ ನುಣುಪಾಗಿ ಕೆರೆದೆವು. ಒಟ್ಟು ಆಳ 110 ಸೆಂಟಿಮೀಟರ್. ದೂರದಿಂದ ಒಂದೇ ಬಿಳುಪಾಗಿ ಕಾಣುವ ಹಿಮ, ಹತ್ತಿರದಿಂದ ನೋಡಿದರೆ ಗೆರೆಗೆರೆಯಾಗಿತ್ತು. ಬೆರಳನ್ನು ಮೇಲಿಂದ ಕೆಳಕ್ಕೆ ಚುಚ್ಚುತ್ತ ಬರುವಂತೆ ತರಬೇತುದಾರರು ಹೇಳಿದರು. ಮೇಲಿನ ಒಂದು ಗೇಣು ಹೊಸ ಹಿಮ, ಮುಷ್ಟಿಯೇ ಒಳಗೆ ಹೋಯಿತು. ಅದರ ಕೆಳಗೆ ಡಿಸೆಂಬರ್ ತಿಂಗಳ ಬಿರುಗಾಳಿಗಳು ತಂದು ಒತ್ತಿದ್ದ ಹಿಮ, ಒಂದು ಬೆರಳು ಮಾತ್ರ ಕಷ್ಟದಿಂದ ನುಗ್ಗುವಷ್ಟು ಗಟ್ಟಿ. ನೆಲಕ್ಕೆ ಇನ್ನು 35 ಸೆಂಟಿಮೀಟರ್ ಇದೆ ಎನ್ನುವಾಗ ಬೆರಳು ಇದ್ದಕ್ಕಿದ್ದಂತೆ ಒಳಗೆ ಇಳಿಯಿತು. ಅಲ್ಲಿಂದ ಕೆಳಗೆ ಹಿಮವೆಂದು ಕರೆಯಲಾಗದಂತಹ ವಸ್ತು ಇತ್ತು. ಗೋಡೆಯಿಂದ ಅದು ತಾನಾಗಿ ಉದುರುತ್ತಿತ್ತು. ಕೈಗವಸಿನ ಮೇಲೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದೆ. ಒಂದೊಂದು ಹರಳೂ ದಪ್ಪ ಸಕ್ಕರೆಯ ಕಾಳಿನಷ್ಟಿತ್ತು, ಕೆಲವು ಬಟ್ಟಲಿನಂತೆ ಟೊಳ್ಳಾಗಿದ್ದವು, ಮೈ ತುಂಬ ಮೆಟ್ಟಿಲಿನಂತಹ ಸಣ್ಣ ಗೆರೆಗಳಿದ್ದವು. ಮುಷ್ಟಿ ಕಟ್ಟಿದರೆ ಉಂಡೆಯಾಗಲಿಲ್ಲ, ಬೆರಳ ಸಂದಿಯಿಂದ ಸುರಿದುಹೋಯಿತು. ಇಂಗ್ಲಿಷಿನಲ್ಲಿ ಇದನ್ನು ಡೆಪ್ತ್ ಹೋರ್ ಎನ್ನುತ್ತಾರೆ, ಸ್ಕೀ ಮಾಡುವವರು ಸಕ್ಕರೆ ಹಿಮ ಎಂದೇ ಕರೆಯುತ್ತಾರೆ.

ಅದು ಹೇಗಾಗುತ್ತದೆ ಎಂಬುದನ್ನು ತಿಳಿಯಲು ಥರ್ಮಾಮೀಟರ್ ಇಟ್ಟೆವು. ನೆಲಕ್ಕೆ ತಾಗಿದ ಹಿಮ ಸೊನ್ನೆ ಡಿಗ್ರಿಯ ಹತ್ತಿರ ಇತ್ತು, ಮೇಲ್ಮೈ ಮೈನಸ್ 14. ಭೂಮಿಯ ಒಡಲಿನ ಬಿಸಿ ಚಳಿಗಾಲದಲ್ಲಿಯೂ ಕೆಳಗಿನ ಹಿಮವನ್ನು ಕರಗುವ ಅಂಚಿನಲ್ಲಿ ಇಟ್ಟಿರುತ್ತದೆ. ಹಿಮದ ಹೊದಿಕೆ ತೆಳ್ಳಗಿದ್ದು ಗಾಳಿ ಬಹಳ ತಣ್ಣಗಿದ್ದರೆ, ಕಡಿಮೆ ದೂರದಲ್ಲಿ ಹೆಚ್ಚಿನ ಉಷ್ಣಾಂಶ ವ್ಯತ್ಯಾಸ ಉಂಟಾಗುತ್ತದೆ. ಪ್ರತಿ ಹತ್ತು ಸೆಂಟಿಮೀಟರಿಗೆ ಒಂದು ಡಿಗ್ರಿಗಿಂತ ಹೆಚ್ಚು ಬದಲಾದರೆ, ಕೆಳಗಿನ ಹರಳುಗಳಿಂದ ಎದ್ದ ಆವಿ ಮೇಲಿನ ಹರಳುಗಳ ಮೇಲೆ ಕೂಡುತ್ತ, ಅವು ಒಂದಕ್ಕೊಂದು ಅಂಟಿಕೊಳ್ಳುವ ಗುಣವನ್ನು ಕಳೆದುಕೊಂಡು ಕೋನಕೋನವಾಗಿ ಬೆಳೆಯುತ್ತವೆ. ನಮ್ಮ ಗುಂಡಿಯಲ್ಲಿ ಆ ವ್ಯತ್ಯಾಸ ಜನವರಿಯಲ್ಲಿಯೂ ಒಂದಕ್ಕಿಂತ ಹೆಚ್ಚಿತ್ತು. ನವೆಂಬರ್‌ನಲ್ಲಿ, ಹಿಮ ಮೊಣಕಾಲಿನವರೆಗೂ ಇಲ್ಲದಿದ್ದಾಗ, ಎಷ್ಟಿದ್ದಿರಬೇಕೆಂದು ಊಹಿಸಬಹುದು. ಕಡಲಿಗೆ ಹತ್ತಿರದ ಬೆಟ್ಟಗಳಲ್ಲಿ ಹಿಮ ದಪ್ಪನಾಗಿ, ಹೆಚ್ಚು ಚಳಿಯಿಲ್ಲದ ಹವೆಯಲ್ಲಿ ಬೀಳುವುದರಿಂದ ಬೇಗ ಗಟ್ಟಿಯಾಗುತ್ತದೆ. ಕೊಲರಾಡೊ ಕಡಲಿನಿಂದ ದೂರ, ಎತ್ತರ, ಒಣ ಹವೆ. ಅಕ್ಟೋಬರಿನಲ್ಲಿ ಬಿದ್ದ ಮೊದಲ ಹಿಮ ನೆರಳಿನ ಇಳಿಜಾರುಗಳಲ್ಲಿ ಕರಗದೆ ಉಳಿದು, ಒಣ ವಾರಗಳಲ್ಲಿ ಹೀಗೆ ಸಕ್ಕರೆಯಾಗಿ, ವಸಂತದವರೆಗೂ ಎಲ್ಲದರ ಬುಡದಲ್ಲಿ ಕುಳಿತಿರುತ್ತದೆ. ಹರಡಿದ ರವೆಯ ಮೇಲೆ ಕಡಪಾ ಹಾಸುಗಲ್ಲನ್ನು ಇಟ್ಟು ಓರೆ ಮಾಡಿದಂತೆ ಎಂದು ನಾನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ.

ಪರೀಕ್ಷೆಗಾಗಿ ಇಳಿಜಾರಿಗೆ ಅಡ್ಡಲಾಗಿ 90 ಸೆಂಟಿಮೀಟರ್, ಹಿಂದಕ್ಕೆ 30 ಸೆಂಟಿಮೀಟರ್ ಅಳತೆಯ ಹಿಮದ ಕಂಬವನ್ನು ಗರಗಸದಿಂದ ಬಿಡಿಸಿದೆವು. ಅದರ ಒಂದು ತುದಿಯಲ್ಲಿ ಸಲಿಕೆಯ ಅಲಗನ್ನು ಮಲಗಿಸಿ, ಮೊದಲ ಹತ್ತು ಸಲ ಮಣಿಕಟ್ಟಿನಿಂದ, ಮುಂದಿನ ಹತ್ತು ಸಲ ಮೊಣಕೈಯಿಂದ, ಕೊನೆಯ ಹತ್ತು ಸಲ ಭುಜದಿಂದ ತಟ್ಟಬೇಕು. ತಟ್ಟುವ ಕೆಲಸ ಶಿವಮೊಗ್ಗದ ಹುಡುಗನದು, ಎಣಿಸುವುದು ನನ್ನದು. ಹದಿನಾಲ್ಕನೆಯ ಏಟಿಗೆ, ಅವನು ಇನ್ನೂ ಬಲ ಹಾಕಿಯೇ ಇರಲಿಲ್ಲ, ಸಕ್ಕರೆ ಪದರದ ಮೇಲ್ಗಡೆ ಗೆರೆಯೊಂದು ಈ ತುದಿಯಿಂದ ಆ ತುದಿಗೆ ಓಡಿತು, ಮೇಲಿನ ಹಾಸು ಪೂರ್ತಿಯಾಗಿ ಕಳಚಿ ನಮ್ಮ ಮೊಣಕಾಲಿಗೆ ಬಂದು ನಿಂತಿತು. ಯಾವ ಏಟಿಗೆ ಮುರಿಯಿತು ಎಂಬುದಕ್ಕಿಂತ, ತಟ್ಟಿದ್ದು ಒಂದು ತುದಿಯಲ್ಲಾದರೂ ಬಿರುಕು ಇನ್ನೊಂದು ತುದಿಯವರೆಗೆ ಹರಡಿತು ಎಂಬುದೇ ಇಲ್ಲಿ ಮುಖ್ಯ. ಒಬ್ಬರ ಕಾಲಿನ ಕೆಳಗೆ ಹುಟ್ಟಿದ ಬಿರುಕು ನೂರಾರು ಅಡಿ ಓಡಿ ಇಡೀ ಬೆಟ್ಟದ ಮೈಯನ್ನು ಕಳಚುವುದು ಇದೇ ಗುಣದಿಂದ. ಹುಡುಗ ಸಲಿಕೆಯನ್ನು ಹಿಡಿದುಕೊಂಡು ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದ.

ಒಂದು ಗುಂಡಿ ನೋಡಿ ಇಡೀ ಬೆಟ್ಟ ಸುರಕ್ಷಿತವೆಂದು ಎಂದೂ ತೀರ್ಮಾನಿಸಬಾರದೆಂದು ತರಬೇತುದಾರರು ಆಗ ಒತ್ತಿ ಹೇಳಿದರು. ಕೆಟ್ಟ ಸುದ್ದಿ ಸಿಕ್ಕರೆ ನಂಬಿ, ಒಳ್ಳೆಯ ಸುದ್ದಿ ಸಿಕ್ಕರೆ ಇನ್ನೂ ಹುಡುಕಿ ಎಂಬುದು ಅವರ ನಿಯಮ. ನನಗೆ ಇದು ಬಹಳ ಸರಿಯೆನ್ನಿಸಿತು. ಹತ್ತು ಹೆಜ್ಜೆ ಆಚೆ ಬಂಡೆಯೊಂದು ಮುಚ್ಚಿಹೋಗಿದ್ದರೆ ಅಲ್ಲಿ ಪದರಗಳ ದಪ್ಪವೇ ಬೇರೆ.

ಮಧ್ಯಾಹ್ನ ಹಿಂದಿರುಗುವಾಗ, ಮರಗಳ ನಡುವಿನ ಸಪಾಟಾದ ಬಯಲೊಂದನ್ನು ದಾಟುತ್ತಿದ್ದೆವು. ನನ್ನ ಸ್ಕೀಯ ಕೆಳಗಿನಿಂದ ಮಂದವಾದ, ಆಳವಾದ ಸದ್ದೊಂದು ಎದ್ದಿತು. ಊರಿನಲ್ಲಿ ಜೋಳದ ಚೀಲವನ್ನು ಗಾಡಿಯಿಂದ ಮಣ್ಣಿನ ನೆಲಕ್ಕೆ ಇಳಿಬಿಟ್ಟಾಗ ಬರುವ ಸದ್ದು. ಅದರೊಡನೆ ನಾನು ನಿಂತಿದ್ದ ಹಿಮ ಒಂದು ಬೆರಳಿನಷ್ಟು ಕುಸಿದು ಕುಳಿತಿತು, ಇಪ್ಪತ್ತು ಅಡಿ ದೂರದ ಎಳೆಯ ಮರವೊಂದು ತನ್ನ ಕೊಂಬೆಯ ಹಿಮವನ್ನು ಉದುರಿಸಿತು. ನನ್ನ ಭಾರಕ್ಕೆ ಅಡಿಯ ಸಕ್ಕರೆ ಪದರ ಕುಸಿದಿತ್ತು, ಕುಸಿತ ಅಲೆಯಂತೆ ಆ ಮರದವರೆಗೆ ಹೋಗಿತ್ತು. ನೆಲ ಸಪಾಟಾಗಿದ್ದರಿಂದ ಜಾರಲು ದಾರಿ ಇರಲಿಲ್ಲ, ಅಷ್ಟೇ. ಇದೇ ಅಲೆ ಮೇಲಿನ ಕಡಿದಾದ ಇಳಿಜಾರಿಗೆ ತಲುಪಿದ್ದರೆ ಅಲ್ಲಿಂದ ಹಿಮ ನಮ್ಮ ಮೇಲೆ ಬರುತ್ತಿತ್ತು. ಶೀಪ್ ಕ್ರೀಕ್‌ನಲ್ಲಿ ಬುಡದಲ್ಲಿದ್ದವರ ಮೇಲೆ ಬೆಟ್ಟ ಹೇಗೆ ಬಂದಿತು ಎಂಬುದು ಆ ಕ್ಷಣ ನನ್ನ ಪಾದಗಳಿಗೆ ಅರ್ಥವಾಯಿತು.

ಮೂರನೆಯ ದಿನ, ಭಾನುವಾರ

ರಾತ್ರಿಯಿಡೀ ಪಶ್ಚಿಮದಿಂದ ಗಾಳಿ ಬೀಸಿತ್ತು. ಹೊಸದಾಗಿ ಬಿದ್ದ ಹಿಮ ಎರಡು ಬೆರಳಿನಷ್ಟು ಮಾತ್ರ, ಆದರೆ ಬೆಟ್ಟದ ಏಣುಗಳಿಂದ ಬಿಳಿಯ ಬಾವುಟಗಳಂತೆ ಹಿಮ ಹಾರುತ್ತಿದ್ದುದು ವಸತಿಯ ಕಿಟಕಿಯಿಂದಲೇ ಕಾಣುತ್ತಿತ್ತು. ಆಕಾಶ ಹಿಮ ಸುರಿಸುವುದಕ್ಕಿಂತ ಹತ್ತು ಪಟ್ಟು ವೇಗವಾಗಿ ಗಾಳಿ ಹಿಮವನ್ನು ತಂದು ಒಟ್ಟಬಲ್ಲದು. ಗಾಳಿಗೆ ಎದುರಾದ ಬದಿಯಿಂದ ಕಿತ್ತು, ಮರೆಯ ಬದಿಯಲ್ಲಿ ಇಳಿಸುತ್ತದೆ. ಪಶ್ಚಿಮದ ಗಾಳಿಗೆ ಮರೆಯಾದ ಬದಿ ಪೂರ್ವ ಮತ್ತು ಈಶಾನ್ಯ. ಹುಡುಗನ ಫೋನಿನಲ್ಲಿದ್ದ ಇಳಿಜಾರು ಮುಖಮಾಡಿದ್ದು ಆ ಕಡೆಗೇ.

ಬೆಳಗಿನ ಸಭೆಯಲ್ಲಿ ನಕ್ಷೆಯನ್ನು ಹರಡಿ, ಎಲ್ಲಿಗೆ ಹೋಗುವುದೆಂದು ನಾವು ಆರು ಜನರೇ ನಿರ್ಧರಿಸಬೇಕೆಂದು ತರಬೇತುದಾರರು ಹೇಳಿದರು. ಗಟ್ಟಿ ಹಿಮ ಹಾಸುಗಲ್ಲಿನಂತೆ ಕಳಚಿ ಜಾರುವ ಕುಸಿತಗಳು ಬಹುಪಾಲು ಆರಂಭವಾಗುವುದು 30ರಿಂದ 45 ಡಿಗ್ರಿಯ ಇಳಿಜಾರುಗಳಲ್ಲಿ, ಅದರಲ್ಲಿಯೂ 38ರ ಆಸುಪಾಸಿನಲ್ಲಿ. ನಮ್ಮ ಊರುಗಳ ಮನೆಯ ಮಹಡಿ ಮೆಟ್ಟಿಲುಗಳ ಓರೆ ಸಾಮಾನ್ಯವಾಗಿ ಮೂವತ್ತಕ್ಕಿಂತ ಸ್ವಲ್ಪ ಮೇಲಿರುತ್ತದೆ, ಅಂದರೆ ಅಪಾಯದ ಕೋನ ಕಣ್ಣಿಗೆ ಅಷ್ಟೇನೂ ಭಯಂಕರವಾಗಿ ಕಾಣುವುದಿಲ್ಲ. ಹಿಮದ ಒಳಗಿನ ಪದರಗಳ ಬಗ್ಗೆ ನಮಗೆ ಪೂರ್ತಿ ತಿಳಿಯುವುದು ಎಂದಿಗೂ ಸಾಧ್ಯವಿಲ್ಲ, ಗಾಳಿ ಎಲ್ಲಿ ಎಷ್ಟು ತಂದಿಟ್ಟಿದೆ ಎಂಬುದೂ ಊಹೆಯೇ. ಕೋನವನ್ನು ಮಾತ್ರ ಅಳೆಯಬಹುದು, ನಕ್ಷೆಯಲ್ಲಿ ಮೊದಲೇ ನೋಡಬಹುದು, ಅದು ದಿನದಿಂದ ದಿನಕ್ಕೆ ಹೆಚ್ಚು ಬದಲಾಗುವುದಿಲ್ಲ. ಮೂರು ದಿನಗಳ ತರಬೇತಿಯಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದೆಂದು ತೋರಿದ್ದು ಇದೇ. ಬೀಕನ್‌ಗೂ ಗುಂಡಿಗೂ ಕೊಡುವ ಗಮನದಲ್ಲಿ ಅರ್ಧದಷ್ಟನ್ನಾದರೂ ಬೆಟ್ಟಕ್ಕೆ ಹೋಗುವವರು ಕೋನಕ್ಕೆ ಕೊಟ್ಟರೆ ಎಷ್ಟೋ ಮನೆಗಳ ದುಃಖ ತಪ್ಪುತ್ತದೆ ಎಂದು ನಾನು ನಂಬುತ್ತೇನೆ.

ನಕ್ಷೆಯಲ್ಲಿ ಸೆಕೆಂಡ್ ಕ್ರೀಕ್‌ನ ತಲೆಯ ಗೋಡೆ ಇಡಿಯಾಗಿ, ಕಡಿದಾದ ಕೋನವನ್ನು ಸೂಚಿಸುವ ಕೆಂಪು ಬಣ್ಣದಲ್ಲಿತ್ತು. ಹುಡುಗ ಅದನ್ನು ಬಹಳ ಹೊತ್ತು ನೋಡಿದ. ಒಬ್ಬರಿಗೆ ಒಪ್ಪಿಗೆಯಿಲ್ಲದಿದ್ದರೂ ಹೋಗಬಾರದು, ಕಾರಣ ಕೇಳಿ ಒತ್ತಾಯಿಸಲೂ ಬಾರದು ಎಂಬುದು ಗುಂಪಿನ ಕಟ್ಟಳೆಯಾಗಿತ್ತು. ಬೇಡವೆನ್ನಲು ನಾನು ಬಾಯಿ ತೆರೆಯುವ ಮೊದಲೇ ಅವನೇ ಹೇಳಿದ: "ಅಕ್ಕಾ, ನಿನ್ನೆ ಹದಿನಾಲ್ಕನೇ ಏಟಿಗೇ ಬಂತಲ್ಲ. ಇವತ್ತು ಅದರ ಮೇಲೆ ಗಾಳಿ ಬೇರೆ ಭಾರ ಹೇರಿದೆ. ಬೇಡ." ಕಣಿವೆಯ ಕಾಡಿನೊಳಗೆ 25 ಡಿಗ್ರಿ ಮೀರದ ದಾರಿಯನ್ನು ಆರಿಸಿದೆವು, ಮೇಲೆ ಕಡಿದಾದ ಇಳಿಜಾರು ಚಾಚಿಕೊಂಡಿಲ್ಲದಂತೆ ನೋಡಿಕೊಂಡೆವು.

ಹೆದ್ದಾರಿಯ ಬದಿಯಿಂದ ಹೊರಟು ಸುಮಾರು ಒಂದು ಮೈಲಿ ಏರಿದರೆ, ಮರಗಳು ನಿಲ್ಲುವ ಎತ್ತರದ ಬಳಿ, ಬ್ರೂಮ್ ಹಟ್ ಎಂಬ ತಂಗುಮನೆ ಸಿಗುತ್ತದೆ. ಅಲ್ಲಿಂದ ಆ ಗೋಡೆ ಎದುರಿಗೇ ಕಾಣಿಸಿತು. ಮೇಲಿನ ಅಂಚಿನಲ್ಲಿ ಗಾಳಿ ಕಟ್ಟಿದ ಹಿಮದ ಸೂರು ಮುಂದಕ್ಕೆ ಬಾಗಿತ್ತು, ಕೆಳಗೆ ಉಬ್ಬಿದ ದಿಂಬಿನಂತಹ ಹೊಸ ಹಿಮ ಬೆಳಕಿಗೆ ಹೊಳೆಯುತ್ತಿತ್ತು. ಅದು ಸುಂದರವಾಗಿತ್ತು ಎಂಬುದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಚಿತ್ರಾನ್ನದ ಡಬ್ಬಿ ತೆರೆದು ಆರೂ ಜನ ಹಂಚಿಕೊಂಡು ತಿಂದೆವು, ಅನ್ನ ಗಡ್ಡೆಕಟ್ಟಿತ್ತು. ಆಮೇಲೆ ಮರಗಳ ನಡುವೆ ಒಬ್ಬೊಬ್ಬರಾಗಿ, ಒಬ್ಬರ ಕಣ್ಣಿನಲ್ಲಿ ಒಬ್ಬರು ಇರುವಂತೆ, ಎರಡು ಸಲ ಇಳಿದು ಎರಡು ಸಲ ಹತ್ತಿದೆವು. ಹಿಮ ಮೊಣಕಾಲಿನವರೆಗೆ ಹಗುರವಾಗಿತ್ತು.

ಹಿಂದಿರುಗುವಾಗ ತಿರುಗಿ ನೋಡಿದರೆ ಆ ಗೋಡೆಯ ಮಧ್ಯದಲ್ಲಿ ಎರಡು ಗೆರೆಗಳು ಕಂಡವು. ನಾವು ಕಾಡಿನೊಳಗೆ ಇದ್ದಾಗ ಯಾರೋ ಇಬ್ಬರು ಇಳಿದುಹೋಗಿದ್ದರು, ಏನೂ ಆಗಿರಲಿಲ್ಲ. "ಹಾಗಾದ್ರೆ ನಾವೂ ಇಳೀಬಹುದಿತ್ತಾ?" ಎಂದು ಹುಡುಗ ಮೊದಲು ನನ್ನನ್ನು, ಆಮೇಲೆ ಇಂಗ್ಲಿಷಿನಲ್ಲಿ ತರಬೇತುದಾರರನ್ನು ಕೇಳಿದ. ಅವರು ದೂರದರ್ಶಕದಲ್ಲಿ ನೋಡಿ, ಆ ಗೆರೆಗಳು ಹೋಗಿರುವುದು ಹಾಸು ಬಹಳ ದಪ್ಪವಿರುವ ನಡುಭಾಗದಲ್ಲಿ, ಅಲ್ಲಿ ಮನುಷ್ಯನ ಭಾರ ತಳದ ಪದರವನ್ನು ತಲುಪದೇ ಇರಬಹುದು ಎಂದರು. ಅಂಚಿನಲ್ಲಿ, ಬಂಡೆಗಳ ಸುತ್ತ ಹಾಸು ತೆಳ್ಳಗಿರುತ್ತದೆ, ಮೂರನೆಯವರು ಅಲ್ಲಿ ತಿರುಗಿದರೆ ಅದೇ ಇಳಿಜಾರು ಪೂರ್ತಿ ಬರಬಹುದು. ಇಪ್ಪತ್ತು ಗೆರೆಗಳಿರುವ ಇಳಿಜಾರು ಇಪ್ಪತ್ತೊಂದನೆಯವರಿಗೆ ಜಾರಿದ ಉದಾಹರಣೆಗಳಿವೆ. ಅವರು ಜೇಬಿನ ಪುಸ್ತಕ ತೆಗೆದು ಗೆರೆಗಳ ಜಾಗ, ದಿಕ್ಕು, ಹೊತ್ತು ಬರೆದುಕೊಂಡರು.

ಕಾರುಗಳ ಬಳಿ ಬಂದು ಬೀಕನ್‌ಗಳನ್ನು ಆಫ್ ಮಾಡಿದಾಗ ಮೂರೂವರೆ. ಘಟ್ಟ ದಾಟಿ ಎಂಪೈರ್ ತಲುಪುವ ಹೊತ್ತಿಗೆ ಫೋನಿಗೆ ಸಿಗ್ನಲ್ ಬಂತು, ಮರುದಿನದ ಮುನ್ಸೂಚನೆಯೂ ಬಂದಿತ್ತು. ನಾನು ಕಾರು ನಡೆಸುತ್ತಿದ್ದೆ, ಅವನು ಓದಿ ಹೇಳಿದ: ಮತ್ತೆ ಮೂರನೆಯ ಹಂತ, ಅಪಾಯದ ಇಳಿಜಾರುಗಳು ಉತ್ತರ, ಈಶಾನ್ಯ, ಪೂರ್ವ, ಆಗ್ನೇಯಕ್ಕೆ ಮುಖಮಾಡಿದವು. ಬೆಟ್ಟದಲ್ಲಿ ಕಂಡದ್ದನ್ನು ಯಾರು ಬೇಕಾದರೂ ಆ ಕೇಂದ್ರಕ್ಕೆ ಬರೆದು ಕಳುಹಿಸಬಹುದು, ಮುನ್ಸೂಚನೆ ಬರೆಯುವವರು ಅದನ್ನು ಓದುತ್ತಾರೆ. ಶನಿವಾರ ನನ್ನ ಕಾಲಿನ ಕೆಳಗೆ ಕೇಳಿದ ಸದ್ದು, ಅದು ಕೇಳಿದ ಜಾಗ, ಹದಿನಾಲ್ಕನೆಯ ಏಟು, ಎಲ್ಲವನ್ನೂ ಅವನು ಒಂದೊಂದಾಗಿ ಫೋನಿನಲ್ಲಿ ತುಂಬಿಸತೊಡಗಿದ. "ಅಕ್ಕಾ, ತಳದ ಸಕ್ಕರೆ ಪದರ ನೆಲದಿಂದ ಎಷ್ಟಿತ್ತು?" ಎಂದು ಕೇಳಿದ. ಮೂವತ್ತೈದು ಸೆಂಟಿಮೀಟರ್ ಎಂದೆ. ಪುಸ್ತಕ ತೆಗೆದು ನೋಡಬೇಕಾಗಲಿಲ್ಲ.